ಚಾಕರಿಯೋ, ಸ್ವಂತ ಕಸಬೋ?

ಚಾಕರಿಯನ್ನು ಬಿಟ್ಟು ಸ್ವತಂತ್ರೋದ್ಯೋಗವನ್ನು ಹಿಡಿದರೆ ಹೆಂಡಿರುಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯಬಹುದೆಂದು ಅನೇಕ ಗೃಹಸ್ಥರು ಭಾವಿಸಿರುವರು. ನಾವೂ ಹಾಗೆಯೇ ನಂಬಿ, ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿಯನ್ನು ಇಟ್ಟೆವು. ಮಧ್ಯಾಹ್ನದ ಊಟವೇನೋ ಮಕ್ಕಳೊಡನೆಯೇ ಆಗುತ್ತಿದ್ದಿತು. ಆದರೆ ಎರಡನೆಯ ತುತ್ತಿಗೇ ಗಿರಾಕಿಯ ಕೂಗು! ಭಾನುವಾರವಂತೂ ಹೇಳತೀರದು.

10 ಮಂದಿಗೆ ಕಡಮೆಯಿಲ್ಲದ ಸಂಸ್ಥೆಯಲ್ಲಿ ದುಡಿಯುವ ತಾಯಿಗೆ, 2017ರಿಂದ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆಯು ಕಾನೂನಿನಿಂದಲೇ ಉಂಟು. ನಮ್ಮ ಮನೆಯಾಕೆಯಾದರೋ ಬಾಣಂತಿತನದಲ್ಲಿಯೂ ಗಲ್ಲಾಪೆಟ್ಟಿಗೆಯ ಬಳಿ ಕುಳಿತಳು. ಹಾಗೆಂದು ಚಾಕರಿಯೇ ಮೇಲೆಂದು ನಾವು ಹೇಳಲಾರೆವು. ಮಗುವಿಗೆ ಜ್ವರ ಬಂದ ದಿನ ಯಾರ ಅಪ್ಪಣೆಯನ್ನೂ ಬೇಡದೆ ಬಾಗಿಲನ್ನು ಮುಚ್ಚಿದೆವು; ಆ ದಿನದ ಸಂಪಾದನೆಯೂ ಹೋಯಿತೆನ್ನಿ.

ಈಗ ಸಂಜೆ 7 ಗಂಟೆಗೆ ಗಿರಣಿಯನ್ನು ನಿಲ್ಲಿಸುತ್ತಿದ್ದೇವೆ. ಕೆಲವು ಗಿರಾಕಿಗಳು ಮುನಿದು ಪಕ್ಕದ ಬೀದಿಗೆ ಹೋದರು. ಮಗಳು ಮಾತ್ರ ಮಗ್ಗಿಪುಸ್ತಕವನ್ನು ಹಿಡಿದು, ಹೊತ್ತಿಗೆ ಸರಿಯಾಗಿ ಜಗಲಿಗೆ ಬರುವಳು.