ಖೋಟಾ ಮುದ್ರೆಯ ಬೀಜ, ಗೊಬ್ಬರಗಳು: ಸರ್ಕಾರಕ್ಕೆ ತಿಳಿಸತಕ್ಕ ಕ್ರಮ

ಹೆಸರುವಾಸಿಯಾದ ಬೀಜ, ಗೊಬ್ಬರ, ಕೀಟನಾಶಕಗಳ ವ್ಯಾಪಾರಮುದ್ರೆಯನ್ನು ಅನುಕರಿಸಿ ಕೀಳು ಸರಕನ್ನು ಮಾರುವುದು ಖೋಟಾ ವ್ಯಾಪಾರವೆನಿಸುವುದು. ಸಾಬೂನಿನಲ್ಲಿ ಇಂಥ ಮೋಸವಾದರೆ ಹಣವಷ್ಟೇ ನಷ್ಟ. ಬೀಜದಲ್ಲಾದರೆ ಬಿತ್ತನೆಯ ಹದವೇ ತಪ್ಪುವುದು. ಮಳೆಯನ್ನೇ ನಂಬಿದ ಜಗಳೂರು ಸೀಮೆಯ ಶೇಂಗಾ, ಮೆಕ್ಕೆಜೋಳದ ಹೊಲಗಳಿಗೆ ಎರಡನೆಯ ಹದ ದೊರೆಯುವುದು ದುರ್ಲಭ. ಹೊನ್ನಾಳಿ, ನ್ಯಾಮತಿಗಳ ಭತ್ತ ಮತ್ತು ಮೆಕ್ಕೆಜೋಳಕ್ಕೂ ಚನ್ನಗಿರಿಯ ಅಡಿಕೆ ತೋಟಗಳಿಗೂ ಹಾಕುವ ಗೊಬ್ಬರ ಖೋಟಾ ಆದಲ್ಲಿ, ವೆಚ್ಚವೂ ಫಸಲೂ ಒಟ್ಟಿಗೆ ಕೈಬಿಡುವುವು.

ಗುರುತಿಸುವ ಬಗೆ

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿಯಿರತಕ್ಕದ್ದು. ಅದರಲ್ಲಿ ತಳಿ, ಲಾಟ್ ನಂಬರು, ಪರೀಕ್ಷೆಯ ತಾರೀಖುಗಳನ್ನು ನೋಡಬೇಕು. ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವುದು ಸುಲಭವಾದ ಪರೀಕ್ಷೆ. ಪ್ರಮಾಣಿತ ಬೀಜಗಳಲ್ಲಿ ಭತ್ತ 80, ಶೇಂಗಾ 70, ಸಂಕರಣ ಮೆಕ್ಕೆಜೋಳ 90ಕ್ಕೆ ಕಡಿಮೆಯಾಗಬಾರದು.

2022ರಿಂದ ಸಹಾಯಧನದ ರಸಗೊಬ್ಬರಗಳ ಚೀಲಗಳಲ್ಲಿ ‘ಭಾರತ್’ ಎಂಬ ಒಂದೇ ಹೆಸರು ಅಚ್ಚಾಗುತ್ತಿರುವುದರಿಂದ, ಆ ಹೆಸರೊಂದನ್ನೇ ನಂಬದೆ ತಯಾರಕರ ಹೆಸರನ್ನೂ ಹೊಲಿಗೆಯನ್ನೂ ಪರೀಕ್ಷಿಸಬೇಕು. ಡಿಎಪಿ ಚೀಲದಲ್ಲಿ ಸಾರಜನಕ 18, ರಂಜಕ 46 ಎಂದಿರತಕ್ಕದ್ದು. ಕೀಟನಾಶಕದ ಸೀಸೆಯಲ್ಲಿ ನೋಂದಣಿ ಸಂಖ್ಯೆ, ಬ್ಯಾಚ್ ನಂಬರು, ವಾಯಿದೆ ತಾರೀಖುಗಳಿರಬೇಕು.

ಸಂಶಯ ಬಂದಾಗ ಮಾಡತಕ್ಕದ್ದು

1. ಚೀಲ, ಚೀಟಿ, ಸೀಸೆಗಳನ್ನು ಎಸೆಯಬಾರದು. ಉಳಿದ ಸರಕನ್ನು ಬಳಸದೆ ತೆಗೆದಿಡಬೇಕು.

2. ಉದ್ರಿಯಾಗಿ ಕೊಂಡರೂ ಲಾಟ್ ನಂಬರು ಬರೆದ ರಸೀದಿಯನ್ನು ಕೇಳಿ ಪಡೆಯಬೇಕು.

3. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಇಲ್ಲವೆ ಸಹಾಯಕ ಕೃಷಿ ನಿರ್ದೇಶಕರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಬೀಜದ ದೋಷದಿಂದ ಬೆಳೆ ಕೆಟ್ಟಿತೆಂದು ರೈತನು ಲಿಖಿತ ದೂರು ಕೊಟ್ಟಲ್ಲಿ, ಬೀಜ ಪರಿವೀಕ್ಷಕರು ಚೀಟಿ, ಚೀಲ ಮತ್ತು ಉಳಿದ ಬೀಜವನ್ನು ವಶಕ್ಕೆ ಪಡೆದು ತನಿಖೆ ಮಾಡುವಂತೆ 1968ರ ಬೀಜ ನಿಯಮಗಳಲ್ಲಿ ವಿಧಿಸಲಾಗಿದೆ. ಹಿಡಿ ಬೀಜವೂ ಉಳಿಯದಿದ್ದರೆ ಈ ತನಿಖೆಗೆ ಆಧಾರ ಬಹಳ ಕಡಿಮೆಯಾಗುವುದು.

ಮುದ್ರೆಯ ಕಳವು ಬೇರೆಯೇ ಅಪರಾಧ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ಜುಲ್ಮಾನೆಯನ್ನೂ ಗೊತ್ತುಮಾಡಿತು. ಆದುದರಿಂದ ದೂರಿನ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ, ಮುದ್ರೆಯ ನಿಜವಾದ ಒಡೆಯರಾದ ಕಂಪನಿಗೂ ಕಳುಹಿಸುವುದು ಯುಕ್ತ. ಕಳಪೆ ಬೀಜದಿಂದ ನಷ್ಟಹೊಂದಿದ ರೈತರು ಗ್ರಾಹಕರ ನ್ಯಾಯವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪಿತ್ತಿದೆ.

ಗ್ರಾಮದ ಮುಖಂಡರ ಹೊಣೆ

ಅಂಗಡಿಯವರಲ್ಲಿ ಸಾಲವಿರುವ ಸಣ್ಣ ರೈತನು ಮೋಸ ಕಂಡರೂ, ಮುಂದಿನ ಸಲ ಉದ್ರಿ ಸಿಕ್ಕದೆಂಬ ಅಂಜಿಕೆಯಿಂದ ಸುಮ್ಮನಾಗುವುದುಂಟು. ಇಂಥವನ ಪರವಾಗಿ ಊರಿನ ಮುಖಂಡರೂ ಭೂಮಾಲೀಕರೂ ಮುಂದೆ ಬರಬೇಕು. ಒಂದೇ ಲಾಟಿನ ಬೀಜ ಕೊಂಡವರೆಲ್ಲರೂ ಕೂಡಿ ದೂರಿಗೆ ಸಹಿ ಹಾಕಿದರೆ ಒಬ್ಬನ ಮೇಲೆ ಹಗೆ ಬೀಳದು. ತನಿಖೆಗೂ ಬಲ ಬರುವುದು. ಆದರೆ ಪರೀಕ್ಷೆಯ ಫಲ ಬರುವ ಮುನ್ನ ಅಂಗಡಿಯವರನ್ನು ಕಳ್ಳರೆಂದು ಸಾರುವುದು ಸಲ್ಲದು, ಅವರೂ ಮೋಸಹೋಗಿರಬಹುದು. ಮಾರಿದವರು ಸರಕು ಎಲ್ಲಿಂದ ಬಂದಿತೆಂದು ತಿಳಿಸಿದರೆ ಮಾತ್ರ ಅಚ್ಚು ಹಾಕಿದ ಕೈ ಸಿಕ್ಕುವುದು.