ಬೆಂಚಿನ ಮೇಲೆ ಮೂರು ವರ್ಷ

2005ರ ಏಪ್ರಿಲ್ 23ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ನಡೆದಾಗ ಮೊದಲ ಸರದಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ್ದು. ಕಾಲೇಜಿನಿಂದ ಬರುವ ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಇದು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಆಯ್ಕೆ. ಫಾರ್ಟಿನೈನರ್ಸ್ ಹದಿನಾರು ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿತ್ತು. ಆ ವರ್ಷ ಹೆಸರು ಕೇಳಿಬರುತ್ತಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯೂಟಾದ ಅಲೆಕ್ಸ್ ಸ್ಮಿತ್‌ನನ್ನು ಅದು ಆರಿಸಿತು. ಇನ್ನೊಬ್ಬ ಬರ್ಕ್ಲಿಯ ಆರನ್ ರಾಜರ್ಸ್. ಫಾರ್ಟಿನೈನರ್ಸ್ ಅಭಿಮಾನಿಯಾಗಿಯೇ ಬೆಳೆದ ಹುಡುಗ. ಟಿವಿ ಕ್ಯಾಮೆರಾಗಳ ಎದುರು ಗಂಟೆಗಟ್ಟಲೆ ಕೂತ ಅವನನ್ನು, ಇಪ್ಪತ್ತಮೂರು ಹೆಸರು ಕೂಗಿಯಾದ ಮೇಲೆ, ಗ್ರೀನ್ ಬೇ ಪ್ಯಾಕರ್ಸ್ ಕರೆದುಕೊಂಡಿತು.

ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಬಂದ ಕೂಡಲೇ ಆಡಿಸಬೇಕೋ, ಹಳಬನೊಬ್ಬನ ಹಿಂದೆ ಕೂರಿಸಿ ಕಲಿಸಬೇಕೋ ಎಂಬ ವಾದ ಎದ್ದಾಗಲೆಲ್ಲ ಈ ಎರಡು ಹೆಸರು ಬರುತ್ತವೆ. ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ನೆಲೆಸಿ ಭಾನುವಾರ ಫಾರ್ಟಿನೈನರ್ಸ್‌ನ ಕೆಂಪು ಜೆರ್ಸಿ ತೊಡುವ ಕನ್ನಡಿಗರಿಗಂತೂ ಇದು ಹಳೇ ಗಾಯ.

ಈ ಆಟ ನೋಡಿ ರೂಢಿಯಿಲ್ಲದವರಿಗೆ ಒಂದೆರಡು ಮಾತು. ಚೆಂಡು ಹೆಚ್ಚುಕಡಿಮೆ ಪ್ರತಿ ಸಲವೂ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದಕ್ಕೂ ಮುಂಚೆ ಎದುರಾಳಿಗಳು ನಿಂತ ಭಂಗಿಯನ್ನು ಓದಿ ಅವರು ಏನು ಮಾಡಲಿದ್ದಾರೆ ಎಂದು ಅವನು ಊಹಿಸಬೇಕು. ಬೇಕಾದರೆ ತನ್ನವರಿಗೆ ಕೂಗಿ ಯೋಜನೆಯನ್ನೇ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಕ್ವಿಂಟಲ್‌ಗಿಂತ ಹೆಚ್ಚು ತೂಗುವ ನಾಲ್ಕೈದು ಜನ ಅವನ ಮೈಮೇಲೆ ಬೀಳಲು ಬರುತ್ತಿರುತ್ತಾರೆ. ಕಾಲೇಜಿನಲ್ಲಿ ಸುಲಭವಾಗಿ ಕಾಣುತ್ತಿದ್ದ ಸಂದು ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುತ್ತದೆ. ತಂಡದಲ್ಲಿ ಐವತ್ತಕ್ಕೂ ಹೆಚ್ಚು ಜನರಿದ್ದರೂ ಈ ಜಾಗಕ್ಕೆ ಒಬ್ಬನೇ. ಹೊಸ ಎತ್ತನ್ನು ಪಳಗಿದ ಎತ್ತಿನ ಜೋಡಿ ಕಟ್ಟಿ ಉಳುಮೆ ಕಲಿಸುವುದು ನಮ್ಮ ಕಡೆಯ ಕ್ರಮ. ಇಲ್ಲಿನ ನೊಗದಲ್ಲಿ ಒಂದೇ ಹೆಗಲಿಗೆ ಜಾಗ. ಒಬ್ಬ ಉಳುತ್ತಿದ್ದರೆ ಇನ್ನೊಬ್ಬ ಬದುವಿನ ಮೇಲೆ ನಿಂತು ನೋಡಬೇಕು, ಅಷ್ಟೆ.

ಸ್ಮಿತ್‌ಗೆ ಬದುವಿನ ಮೇಲೆ ನಿಲ್ಲುವ ಭಾಗ್ಯ ಹೆಚ್ಚು ದಿನ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಮೊದಲ ಸಲ ಆರಂಭದಿಂದ ಆಡಿದ. ತಂಡ 28-3ರಿಂದ ಸೋತಿತು. ಅವನ ನಾಲ್ಕು ಎಸೆತಗಳು ಎದುರಾಳಿಗಳ ಕೈಸೇರಿದವು. ಆ ಇಡೀ ವರ್ಷದ ಲೆಕ್ಕ: ಅಂಕ ತರುವ ಟಚ್‌ಡೌನ್ ಎಸೆತ ಒಂದು, ಎದುರಾಳಿಯ ಪಾಲಾದ ಇಂಟರ್‌ಸೆಪ್ಷನ್ ಹನ್ನೊಂದು. ಮೊದಲ ಸರದಿಯ ಆಟಗಾರ ಎಂಬ ಹಣೆಪಟ್ಟಿ ಹೊತ್ತವನಿಗೆ ಇದಕ್ಕಿಂತ ಅವಮಾನ ಬೇಕೆ? 2007ರಲ್ಲಿ ಭುಜ ಕಳಚಿತು, 2008ರಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಇವನದು ಮುಗಿದ ಕಥೆ ಎಂದು ಎಲ್ಲರೂ ಕೈತೊಳೆದುಕೊಂಡರು.

ರಾಜರ್ಸ್ ಮಾತ್ರ ಪ್ಯಾಕರ್ಸ್‌ನ ಹಳೆಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ನ ಹಿಂದೆ ಮೂರು ವರ್ಷ ಕೂತ. ಹಳಬ ಹೊಸಬನ ಹೆಗಲ ಮೇಲೆ ಕೈಹಾಕಿ ವಿದ್ಯೆ ಧಾರೆಯೆರೆದ ಎಂದು ಯಾರಾದರೂ ಕಲ್ಪಿಸಿಕೊಂಡಿದ್ದರೆ ಅದು ತಪ್ಪು. ಈ ಹುಡುಗನನ್ನು ತಯಾರು ಮಾಡುವುದು ತನ್ನ ಕರಾರಿನಲ್ಲಿಲ್ಲ ಎಂಬ ಧಾಟಿಯಲ್ಲಿ ಫಾರ್ವ್ ಬಹಿರಂಗವಾಗಿಯೇ ಮಾತಾಡಿದ್ದ. ಹಾಗಾದರೆ ಕಲಿತದ್ದು ಎಲ್ಲಿ? ಅಭ್ಯಾಸದ ಮೈದಾನದಲ್ಲಿ. ವಾರದ ಅಭ್ಯಾಸದಲ್ಲಿ ಎರಡನೆಯ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಮುಂದಿನ ಎದುರಾಳಿಯ ಆಟವನ್ನು ನಕಲು ಮಾಡಿ ತನ್ನದೇ ತಂಡದ ರಕ್ಷಣಾ ಪಡೆಗೆ ತೋರಿಸುವುದು. ಬೇರೆಯವರು ಇದನ್ನು ಸಂಬಳಕ್ಕೆ ಮಾಡುವ ಕೂಲಿಯಂತೆ ಮುಗಿಸುತ್ತಾರೆ. ರಾಜರ್ಸ್ ಅದನ್ನೇ ತನ್ನ ಪಂದ್ಯ ಮಾಡಿಕೊಂಡ. ಬೇಸಿಗೆಯಲ್ಲಿ ಕೋಚ್‌ಗಳು ಅವನ ಎಸೆತದ ಕ್ರಮವನ್ನೇ ಬಿಚ್ಚಿ ಹೊಸದಾಗಿ ಹೆಣೆದರು. ಚೆಂಡನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿಯುವ ಕಾಲೇಜಿನ ಅಭ್ಯಾಸ ಹೋಯಿತು. ವಾರವಾರವೂ ಪಂದ್ಯ ಆಡುವವನ ಕೈಯನ್ನು ಹೀಗೆ ತಿದ್ದುವುದಕ್ಕೆ ಯಾವ ಕೋಚ್‌ಗೂ ಧೈರ್ಯ ಬರುವುದಿಲ್ಲ. ಬೆಂಚಿನ ನಿಜವಾದ ಲಾಭ ನನಗೆ ಕಂಡಂತೆ ಇಷ್ಟೇ.

2008ರಲ್ಲಿ ಫಾರ್ವ್ ನಿವೃತ್ತಿ ಘೋಷಿಸಿ, ಮನಸ್ಸು ಬದಲಿಸಿ ಮರಳಿ ಬಂದ. ಪ್ಯಾಕರ್ಸ್ ಅವನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿ ರಾಜರ್ಸ್‌ನನ್ನು ಇಳಿಸಿತು. ಮೊದಲ ವರ್ಷ ಆರು ಗೆಲುವು, ಹತ್ತು ಸೋಲು. ಮೂರು ವರ್ಷ ಮಾಗಿಸಿದ ಹಣ್ಣಿಗೆ ಇದೇ ರುಚಿಯೇ ಎಂದು ಗ್ರೀನ್ ಬೇ ಗೊಣಗಿತು. 2011ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮೇಲೆ ಗೊಣಗಾಟ ನಿಂತಿತು. ಅವತ್ತು ಸೋತ ಪಿಟ್ಸ್‌ಬರ್ಗ್‌ನ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್. 2004ರಲ್ಲಿ ಹಳಬ ಗಾಯಗೊಂಡು ಹೊರಹೋದಾಗ ಋತುವಿನ ಆರಂಭದಲ್ಲೇ ಕಣಕ್ಕಿಳಿದು, ಲೀಗ್ ಹಂತದಲ್ಲಿ ತಾನು ಆರಂಭಿಸಿದ ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದ ಹುಡುಗ. ಅಷ್ಟು ಹೊತ್ತಿಗೆ ಅವನ ಬಳಿ ಎರಡು ಸೂಪರ್ ಬೌಲ್ ಉಂಗುರಗಳಿದ್ದವು. ಕಾದವನೂ ಕಾಯದವನೂ ಒಂದೇ ಫೈನಲ್‌ನಲ್ಲಿ ಎದುರುಬದುರು ನಿಂತ ಮೇಲೆ ಈ ವಾದಕ್ಕೆ ಉದಾಹರಣೆಗಳಿಂದ ಪರಿಹಾರ ಸಿಗದು ಎಂದಾದರೂ ಒಪ್ಪಬೇಕು.

ಉದಾಹರಣೆ ಬೇಕೆಂದರೆ ಎರಡೂ ಕಡೆ ರಾಶಿ ಇವೆ. 1998ರಲ್ಲಿ ಪೇಟನ್ ಮ್ಯಾನಿಂಗ್ ಮೊದಲ ದಿನದಿಂದಲೇ ಆಡಿ 28 ಇಂಟರ್‌ಸೆಪ್ಷನ್ ಎಸೆದ. ಹೊಸಬನೊಬ್ಬನ ಹೆಸರಿನಲ್ಲಿರುವ ದಾಖಲೆ ಅದು. ತಂಡ ಮೂರೇ ಪಂದ್ಯ ಗೆದ್ದಿತು, ಮರುವರ್ಷ ಹದಿಮೂರು. ಅದೇ ಡ್ರಾಫ್ಟಿನಲ್ಲಿ ಅವನ ಹಿಂದೆಯೇ ಆಯ್ಕೆಯಾದ ರಯಾನ್ ಲೀಫ್ ಕೂಡ ಬಂದ ಕೂಡಲೇ ಆಡಿ ಎರಡು ಟಚ್‌ಡೌನ್‌ಗೆ ಹದಿನೈದು ಇಂಟರ್‌ಸೆಪ್ಷನ್ ಕೊಟ್ಟು ಕೆಲವೇ ವರ್ಷಗಳಲ್ಲಿ ಆಟದಿಂದಲೇ ಮರೆಯಾದ. ಒಂದೇ ಔಷಧ, ಇಬ್ಬರು ರೋಗಿಗಳು, ಎರಡು ಫಲ.

ನನ್ನ ತಕರಾರು ಇರುವುದು ಪ್ರಶ್ನೆಯ ಮೇಲೆಯೇ. ಹುಡುಗ ತಯಾರಿದ್ದಾನೆಯೇ ಎಂದು ಎಲ್ಲರೂ ಕೇಳುತ್ತಾರೆ, ಮನೆ ತಯಾರಿದೆಯೇ ಎಂದು ಕೇಳುವವರಿಲ್ಲ. 2005ಕ್ಕೆ ವಾಪಸ್ ಹೋಗಿ ನೋಡಿ. ಸ್ಮಿತ್‌ನ ಮೊದಲ ವರ್ಷದಲ್ಲಿ ಆಕ್ರಮಣದ ಹೊಣೆ ಹೊತ್ತ ಕೋಚ್ ಮೈಕ್ ಮೆಕಾರ್ಥಿ. ವರ್ಷ ಮುಗಿಯುತ್ತಿದ್ದಂತೆ ಅವರು ಪ್ಯಾಕರ್ಸ್ ತಂಡದ ಮುಖ್ಯ ಕೋಚ್ ಆಗಿ ಹೊರಟುಹೋದರು, ಅಂದರೆ ರಾಜರ್ಸ್ ಇದ್ದಲ್ಲಿಗೆ! ಸ್ಮಿತ್‌ಗೆ 2006ರಲ್ಲಿ ನಾರ್ವ್ ಟರ್ನರ್ ಬಂದರು, 2007ರಲ್ಲಿ ಜಿಮ್ ಹಾಸ್ಲರ್, 2008ರಲ್ಲಿ ಮೈಕ್ ಮಾರ್ಟ್ಸ್. ಪ್ರತಿಯೊಬ್ಬರಿಗೂ ಅವರದೇ ಪ್ಲೇಬುಕ್, ಅವರದೇ ಸಂಕೇತ ಭಾಷೆ. ಹುಡುಗ ಪ್ರತಿ ವರ್ಷ ಒಂದನೇ ತರಗತಿಗೇ ಮತ್ತೆ ಸೇರಿದ ಹಾಗಾಯಿತು. ಅತ್ತ ಮೆಕಾರ್ಥಿ ಗ್ರೀನ್ ಬೇನಲ್ಲಿ 2018ರವರೆಗೂ ಉಳಿದರು. ಸ್ಮಿತ್ ಮತ್ತು ರಾಜರ್ಸ್ ನಡುವಿನ ಅಂತರಕ್ಕೆ ಬೆಂಚು ಎಷ್ಟು ಕಾರಣವೋ ಈ ಒಬ್ಬ ಮನುಷ್ಯ ಊರು ಬದಲಿಸಿದ್ದೂ ಅಷ್ಟೇ ಕಾರಣ ಎಂದರೆ ಪ್ಯಾಕರ್ಸ್ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬಾರದು. 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ಕೋಚ್ ಆಗಿ ಬಂದು ಫಾರ್ಟಿನೈನರ್ಸ್ ತಂಡವನ್ನು ಒಂದು ಹಳಿಗೆ ತಂದಾಗ, ಮುಗಿದ ಕಥೆಯೆಂದು ಬಿಟ್ಟಿದ್ದ ಅದೇ ಸ್ಮಿತ್ ಹದಿಮೂರು ಗೆಲುವು ತಂದ.

ಕಾಯುವವರ ಪರವಾಗಿ ಎಲ್ಲರೂ ಮಂಡಿಸುವ ದೊಡ್ಡ ಸಾಕ್ಷಿ ಪ್ಯಾಟ್ರಿಕ್ ಮಹೋಮ್ಸ್. ಅದರೊಳಗೂ ಸ್ಮಿತ್ ಇದ್ದಾನೆ. 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಸರದಿಯಲ್ಲಿ ಮೇಲೇರಿ ಹತ್ತನೆಯವನಾಗಿ ಮಹೋಮ್ಸ್‌ನನ್ನು ಆರಿಸಿದಾಗ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್. ತನ್ನ ಕುರ್ಚಿಗೇ ಬಂದವನು ಎಂದು ಗೊತ್ತಿದ್ದೂ ಹುಡುಗನಿಗೆ ಬಾಗಿಲು ತೆರೆದಿಟ್ಟ. ವಾರವಿಡೀ ಪಂದ್ಯಕ್ಕೆ ಸಿದ್ಧವಾಗುವುದು ಹೇಗೆ ಎಂಬುದನ್ನೆಲ್ಲ ಅವನನ್ನು ನೋಡಿ ಕಲಿತೆ ಎಂದು ಮಹೋಮ್ಸ್ ಅನೇಕ ಸಲ ಹೇಳಿಕೊಂಡಿದ್ದಾನೆ. ಹೊಸಬನಿಗೆ ಆ ವರ್ಷ ಸಿಕ್ಕದ್ದು ಡೆನ್ವರ್‌ನಲ್ಲಿ ನಡೆದ ಲೀಗ್‌ನ ಕೊನೆಯ ಪಂದ್ಯವೊಂದೇ. ಮರುವರ್ಷ ಐವತ್ತು ಟಚ್‌ಡೌನ್, ಐದು ಸಾವಿರ ಗಜ ದಾಟಿದ ಎಸೆತ, ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ.

ಆದರೆ ಚೀಫ್ಸ್ ಹಿಂದಿನ ವರ್ಷ ಹನ್ನೆರಡು ಪಂದ್ಯ ಗೆದ್ದ ತಂಡ. ಪ್ಯಾಕರ್ಸ್ ಕೂಡ 2004ರಲ್ಲಿ ಹತ್ತು ಗೆದ್ದಿತ್ತು. ಆ್ಯಂಡಿ ರೀಡ್‌ರಂಥ ಕೋಚ್, ಗಟ್ಟಿ ಮುಂಚೂಣಿ, ಸ್ಮಿತ್‌ನಂಥ ಹಳಬ ಎಲ್ಲವೂ ಇದ್ದದ್ದರಿಂದಲೇ ಅಲ್ಲಿ ಕಾಯಲು ಪುರುಸೊತ್ತಿತ್ತು. ಕಾದ ಹುಡುಗರು ಚೆನ್ನಾಗಿ ಆಡಿದರು ಎನ್ನುವ ಬದಲು ಚೆನ್ನಾಗಿರುವ ತಂಡಗಳಷ್ಟೇ ಕಾಯಿಸಬಲ್ಲವು ಎನ್ನುವುದು ಸತ್ಯಕ್ಕೆ ಹತ್ತಿರ. ಮೊದಲ ಸರದಿಯ ಹುಡುಗ ಹೋಗುವುದು ಎಲ್ಲಿಗೆ? ಹದಿನಾಲ್ಕು ಸೋತ ಮನೆಗೆ. ಅಲ್ಲಿ ಹಳಬನೂ ಇಲ್ಲ, ತಡೆಯುವವರೂ ಇಲ್ಲ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಡೇವಿಡ್ ಕಾರ್‌ನನ್ನು ಮೊದಲ ಆಯ್ಕೆಯಾಗಿ ತಂದು ಮೊದಲ ಪಂದ್ಯದಿಂದಲೇ ನಿಲ್ಲಿಸಿತು. ಅವನನ್ನು ಕಾಯಬೇಕಿದ್ದ ಟೋನಿ ಬೊಸೆಲಿ ಗಾಯದಿಂದಾಗಿ ಟೆಕ್ಸನ್ಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಕಾರ್‌ನನ್ನು ಆ ವರ್ಷ 76 ಸಲ ಚೆಂಡಿನ ಸಮೇತ ನೆಲಕ್ಕೆ ಕೆಡವಲಾಯಿತು. ಎನ್‌ಎಫ್‌ಎಲ್ ಇತಿಹಾಸದಲ್ಲಿ ಒಂದು ಋತುವಿನಲ್ಲಿ ಯಾರೂ ಅಷ್ಟು ಸಲ ಬಿದ್ದಿಲ್ಲ. ಇದನ್ನು ಅನುಭವ ಎಂದು ಕರೆಯುವುದು ಕ್ರೌರ್ಯ. ಬೀಳುವ ಭಯದಲ್ಲಿ ಕಣ್ಣು ದೂರದ ಸಂಗಾತಿಯನ್ನು ಬಿಟ್ಟು ಹತ್ತಿರದ ಎದುರಾಳಿಯನ್ನೇ ನೋಡಲು ಕಲಿಯುತ್ತದೆ. ಒಮ್ಮೆ ಕಲಿತ ಆ ಭಯ ಸುಲಭಕ್ಕೆ ಬಿಡುವುದಿಲ್ಲ.

ಇನ್ನು ದುಡ್ಡಿನ ವಿಷಯ. 2010ರಲ್ಲಿ ಮೊದಲ ಆಯ್ಕೆಯಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸಿಕ್ಕ ಕರಾರು ಆರು ವರ್ಷಕ್ಕೆ 7.8 ಕೋಟಿ ಡಾಲರ್. ಮರುವರ್ಷ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಗಿ ಹೊಸಬರ ಸಂಬಳಕ್ಕೆ ಮಿತಿ ಬಿತ್ತು. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ತಂಡದ ಒಟ್ಟು ಸಂಬಳಕ್ಕೂ ಮಿತಿಯಿರುವುದರಿಂದ, ಅಗ್ಗದ ಕ್ವಾರ್ಟರ್‌ಬ್ಯಾಕ್ ಇದ್ದ ನಾಲ್ಕು ವರ್ಷ ತಂಡಕ್ಕೆ ಸುಗ್ಗಿ. ಉಳಿದ ಹಣದಲ್ಲಿ ಬೇರೆ ಒಳ್ಳೆಯ ಆಟಗಾರರನ್ನು ಕೊಳ್ಳಬಹುದು. ಅದರಲ್ಲಿ ಮೂರು ವರ್ಷ ಬೆಂಚಿನ ಮೇಲೆ ಕಳೆಯಿರಿ ಎಂದರೆ ಯಾವ ಮಾಲೀಕ ಕೇಳುತ್ತಾನೆ? ಪ್ಯಾಕರ್ಸ್ ಮಾತ್ರ ಕೇಳಿತು. 2020ರಲ್ಲಿ ಜೋರ್ಡನ್ ಲವ್‌ನನ್ನು ತಂದು ರಾಜರ್ಸ್‌ನ ಹಿಂದೆ ಮೂರು ವರ್ಷ ಕೂರಿಸಿತು. ಇಳಿದ ಮೊದಲ ವರ್ಷವೇ 32 ಟಚ್‌ಡೌನ್. ಆದರೆ ಅವನು ಪೂರ್ತಿ ಒಂದೇ ಋತು ಆರಂಭಿಕನಾಗಿ ಆಡಿದ್ದಾಗಲೇ, 2024ರಲ್ಲಿ, ನಾಲ್ಕು ವರ್ಷಕ್ಕೆ 22 ಕೋಟಿ ಡಾಲರ್ ತೆರಬೇಕಾಯಿತು.

2011ರ ಒಪ್ಪಂದ ಇನ್ನೊಂದನ್ನೂ ಮಾಡಿತು, ಅದರ ಬಗ್ಗೆ ಮಾತು ಕಡಿಮೆ. ಆಟಗಾರರ ಮೈ ಕಾಪಾಡಲು ಅಭ್ಯಾಸವನ್ನು ಕತ್ತರಿಸಲಾಯಿತು. ಬಿಡುವಿನ ತಿಂಗಳುಗಳ ತರಬೇತಿ ಹದಿನಾಲ್ಕು ವಾರದಿಂದ ಒಂಬತ್ತಕ್ಕೆ ಇಳಿಯಿತು. ಋತುವಿನ ನಡುವೆ ಪೂರ್ಣ ರಕ್ಷಾಕವಚ ತೊಟ್ಟು ಮಾಡುವ ಅಭ್ಯಾಸ ಹದಿನಾಲ್ಕು ದಿನ ಮಾತ್ರ. ನಿರ್ಧಾರ ಸರಿಯೇ. ಆದರೆ ಇರುವ ಅಲ್ಪ ಅಭ್ಯಾಸವೆಲ್ಲ ಆಡುವವನಿಗೇ ಬೇಕಾಗುತ್ತದೆ. ರಾಜರ್ಸ್ ಕಲಿತ ಶಾಲೆಯ ಅರ್ಧ ತರಗತಿಗಳನ್ನು ಮುಚ್ಚಿ, ಅವನಂತೆ ಕಾದು ಕಲಿಯಿರಿ ಎಂದು ಇಂದಿನವರಿಗೆ ಹೇಳುವುದರಲ್ಲಿ ಅರ್ಥ ಕಡಿಮೆ.

ಈಗ ಶಿಷ್ಯವೃತ್ತಿ ಕಾಲೇಜಿಗೆ ಸರಿದಿದೆ. ಬೋ ನಿಕ್ಸ್ 2024ರಲ್ಲಿ ಡೆನ್ವರ್‌ಗೆ ಬರುವಾಗ ಕಾಲೇಜಿನಲ್ಲಿ 61 ಪಂದ್ಯ ಆರಂಭಿಸಿದ್ದ. ಐದು ವರ್ಷ, ಎರಡು ವಿಶ್ವವಿದ್ಯಾಲಯ, ವಯಸ್ಸು ಇಪ್ಪತ್ತನಾಲ್ಕು. ಅವನನ್ನು ಇನ್ನೇನು ಕಾಯಿಸುವುದು? ಮೊದಲ ದಿನದಿಂದ ಆಡಿ ತಂಡವನ್ನು ಪ್ಲೇಆಫ್‌ಗೆ ಒಯ್ದ. ಅದೇ ವರ್ಷದ ಜೇಡನ್ ಡ್ಯಾನಿಯಲ್ಸ್, ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ವಾಷಿಂಗ್ಟನ್‌ಗೆ ಹನ್ನೆರಡು ಗೆದ್ದುಕೊಟ್ಟ. ಅವನ ಹಿಂದೆ ಬೆಂಚಿನಲ್ಲಿ ಇದ್ದವನು ಮಾರ್ಕಸ್ ಮರಿಯೋಟಾ, 2015ರಲ್ಲಿ ಡ್ರಾಫ್ಟಿನ ಎರಡನೆಯವನಾಗಿ ಬಂದಿದ್ದ ಹಳಬ. ಗುರು ಬೆಂಚಿನಲ್ಲಿ, ಶಿಷ್ಯ ಮೈದಾನದಲ್ಲಿ. ಈ ತಿರುವುಮುರುವು ನನಗೆ ಹಳೆಯ ಕ್ರಮಕ್ಕಿಂತ ಹೆಚ್ಚು ಹಿಡಿಸುತ್ತದೆ. ಆಕ್ರಮಣದ ಎರಡು ಸರಣಿಗಳ ನಡುವೆ ಬದಿಗೆ ಬಂದು ಕೂತಾಗ, ಈಗಷ್ಟೇ ನೋಡಿದ್ದು ಏನು ಎಂದು ಹೇಳುವವನು ಪಕ್ಕದಲ್ಲಿರುತ್ತಾನೆ. ತನ್ನ ಜಾಗ ಹೋಗುತ್ತದೆಂಬ ಕಸಿವಿಸಿಯೂ ಅವನಿಗಿಲ್ಲ, ಅದು ಎಂದೋ ಹೋಗಿದೆ.

ಹಳಬನಿದ್ದರೆ ಸಾಕೆಂದೂ ಅಲ್ಲ. 2018ರಲ್ಲಿ ಜೆಟ್ಸ್ ಇಪ್ಪತ್ತೊಂದರ ಸ್ಯಾಮ್ ಡಾರ್ನಾಲ್ಡ್‌ನನ್ನು ಇಳಿಸಿದಾಗ ಪಕ್ಕದಲ್ಲಿ ಜಾಶ್ ಮೆಕೌನ್ ಎಂಬ ಅನುಭವಿ ಇದ್ದ. ಡಾರ್ನಾಲ್ಡ್‌ನ ಮೊದಲ ಎಸೆತವೇ ಎದುರಾಳಿಯ ಕೈಸೇರಿ ಟಚ್‌ಡೌನ್ ಆಯಿತು. ಮೂರು ವರ್ಷಕ್ಕೆ ಜೆಟ್ಸ್ ಅವನನ್ನು ಕೈಬಿಟ್ಟಿತು. 2024ರಲ್ಲಿ ಮಿನೆಸೋಟದಲ್ಲಿ ಇಬ್ಬರೂ ಮತ್ತೆ ಸೇರಿದರು. ಈ ಬಾರಿ ಮೆಕೌನ್ ಕ್ವಾರ್ಟರ್‌ಬ್ಯಾಕ್ ಕೋಚ್. ಡಾರ್ನಾಲ್ಡ್ ಹದಿನಾಲ್ಕು ಪಂದ್ಯ ಗೆದ್ದ. ಅವೇ ಎರಡು ಮುಖ, ಬೇರೆ ಸೂರು.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ನನ್ನದು ನೇರ ಉತ್ತರ. ಕೋಚ್‌ನ ಕೆಲಸ ಇನ್ನೆರಡು ವರ್ಷವಾದರೂ ಭದ್ರವಾಗಿದ್ದು, ಮುಂದೆ ನಿಂತು ಕಾಯುವ ಐವರು ಸಾಧಾರಣಕ್ಕಿಂತ ಮೇಲಿದ್ದರೆ, ಹುಡುಗನನ್ನು ಮೊದಲ ಭಾನುವಾರವೇ ಇಳಿಸಿ. ಇಲ್ಲವಾದರೆ ಯಾವನಾದರೂ ಹಳಬನಿಗೆ ದುಡ್ಡು ಕೊಟ್ಟು ಆ ಹೊಡೆತಗಳನ್ನು ಅವನೇ ತಿನ್ನಲಿ ಎಂದು ಬಿಡಿ. ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಕುರ್ಚಿ ಅಲುಗಾಡುತ್ತಿರುವ ಕೋಚ್‌ಗಳೇ ಹೊಸಬನನ್ನು ಮೊದಲು ಮುಂದೆ ತಳ್ಳುತ್ತಾರೆ, ಗೆದ್ದರೆ ತಮ್ಮ ಕೆಲಸ ಉಳಿಯುತ್ತದೆಂದು. 2025ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ರಸೆಲ್ ವಿಲ್ಸನ್‌ನಂಥ ಹಳಬನನ್ನು ಇಟ್ಟುಕೊಂಡೂ ನಾಲ್ಕನೇ ವಾರಕ್ಕೆ ಜಾಕ್ಸನ್ ಡಾರ್ಟ್‌ನನ್ನು ಇಳಿಸಿತು. ಕೋಚ್ ಬ್ರಯನ್ ಡಬಾಲ್ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಟೆನೆಸಿಯಲ್ಲಿ ಅದೇ ವರ್ಷದ ಮೊದಲ ಆಯ್ಕೆ ಕ್ಯಾಮ್ ವಾರ್ಡ್ ಆರು ಪಂದ್ಯ ಆಡುವಷ್ಟರಲ್ಲೇ ಅವನನ್ನು ಆರಿಸಿ ತಂದ ಕೋಚ್ ಬ್ರಯನ್ ಕ್ಯಾಲಹನ್ ಮನೆಗೆ ಹೋದರು. ವಾರ್ಡ್ ಮಾತ್ರ ಮುಂದಿನ ಭಾನುವಾರವೂ ಆಡಬೇಕಿತ್ತು, ಬೇರೆಯವರ ಕೈಕೆಳಗೆ.