ಮ್ಯೂನಿಕ್‌ನಲ್ಲಿ ಬದಲಾದ ಕೋಲು

1972ರ ಜುಲೈನಲ್ಲಿ ಅಮೆರಿಕದ ಬಾಬ್ ಸೀಗ್ರನ್ 5.63 ಮೀಟರ್ ಜಿಗಿದು ಪೋಲ್‌ವಾಲ್ಟ್‌ನ ವಿಶ್ವದಾಖಲೆ ಬರೆದರು. ಎರಡು ತಿಂಗಳ ಬಳಿಕ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ದಕ್ಕಿದ್ದು 5.40 ಮೀಟರ್ ಮತ್ತು ಬೆಳ್ಳಿ. ಅಷ್ಟರಲ್ಲಿ ಕೈಯಲ್ಲಿನ ಕೋಲು ಬದಲಾಗಿತ್ತು. ಕೋಲು ಯಾವ ವಸ್ತುವಿನದ್ದಾದರೂ ಆಗಬಹುದು ಎನ್ನುತ್ತದೆ ಈ ಸ್ಪರ್ಧೆಯ ನಿಯಮ. ಆದರೂ ಸೀಗ್ರನ್ ಬಳಸುತ್ತಿದ್ದ ಹೊಸ ಮಾದರಿ ಎಲ್ಲರಿಗೂ ಸಾಕಷ್ಟು ಮೊದಲೇ ಸಿಕ್ಕಿರಲಿಲ್ಲ ಎಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ನಿಷೇಧಿಸಿತು, ನಿಷೇಧ ತೆರವು ಮಾಡಿತು, ಸ್ಪರ್ಧೆಗೆ ಕೆಲವೇ ದಿನಗಳಿರುವಾಗ ಮತ್ತೆ ಹೇರಿತು. ಎಲ್ಲರೂ ಹಳೆಯ ಮಾದರಿಯಲ್ಲೇ ಜಿಗಿಯಲಿ, ಆಗ ಪೈಪೋಟಿ ಸಮವಾಗುತ್ತದೆ ಎಂಬ ಲೆಕ್ಕ ಮೇಲ್ನೋಟಕ್ಕೆ ನ್ಯಾಯವೇ. ಭೌತವಿಜ್ಞಾನ ಮಾತ್ರ ಅದಕ್ಕೆ ತಲೆಯಾಡಿಸುವುದಿಲ್ಲ.

ಸೆಕೆಂಡಿಗೆ 9.5 ಮೀಟರ್ ವೇಗದ ಓಟದ ಶಕ್ತಿಯೆಲ್ಲ ಎತ್ತರವಾಗಿ ಮಾರ್ಪಟ್ಟರೆ ದೇಹ ಸುಮಾರು 4.6 ಮೀಟರ್ ಮೇಲೇರುತ್ತದೆ. ಗುರುತ್ವಕೇಂದ್ರ ಮೊದಲೇ ನೆಲದಿಂದ ಒಂದು ಮೀಟರಿನಷ್ಟು ಮೇಲಿರುತ್ತದೆ. ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳ ದುಡಿಮೆ ಇನ್ನಷ್ಟು ಕೂಡಿಸುತ್ತದೆ. ಕೋಲು ತಾನಾಗಿ ಏನನ್ನೂ ಹುಟ್ಟಿಸದು. ಓಟದಿಂದ ಪಡೆದ ಶಕ್ತಿಯನ್ನು ಬಿಲ್ಲಿನಂತೆ ಬಾಗಿ ಹಿಡಿದಿಟ್ಟು, ಅಲ್ಪಸ್ವಲ್ಪ ಕಳೆದುಕೊಂಡು, ಉಳಿದದ್ದನ್ನು ಮರಳಿಸುತ್ತದೆ. ಯಾವಾಗ ಮರಳಿಸುತ್ತದೆ ಎಂಬುದರಲ್ಲೇ ಎಲ್ಲವೂ ಇದೆ. ಅದು ನೆಟ್ಟಗಾಗುವಷ್ಟರಲ್ಲಿ ಜಿಗಿತಗಾರ ತಲೆಕೆಳಗಾಗಿ ಕಾಲುಗಳನ್ನು ಮೇಲೆ ಚಾಚಿರಬೇಕು. ಕೋಲು ಬಿರುಸಾಗಿದ್ದರೆ ಸಾಕಷ್ಟು ಬಾಗದೆ, ಲಂಬವಾಗುವ ಮೊದಲೇ ತಡೆದು, ಅವನನ್ನು ಓಟದ ಹಾದಿಗೇ ಹಿಂದಕ್ಕೆ ಬೀಳಿಸಬಹುದು. ಮೆದುವಾದರೆ ಅತಿಯಾಗಿ ಬಾಗಿ, ತಡವಾಗಿ ಚಿಮ್ಮಿ, ಅಡ್ಡಪಟ್ಟಿಯ ಮೇಲೇ ಕೆಡವುತ್ತದೆ. ತಯಾರಕರು ಕೋಲನ್ನು ಎರಡು ಕಡೆ ಆನಿಸಿ, ನಡುವೆ ಸುಮಾರು 22.7 ಕಿಲೋ ತೂಗಿಬಿಟ್ಟು, ಎಷ್ಟು ಸೆಂಟಿಮೀಟರ್ ಬಾಗಿತೆಂದು ಅಳೆಯುತ್ತಾರೆ. ಉಪಯುಕ್ತ ಅಳತೆ, ಆದರೆ ನಿಶ್ಚಲ ಸ್ಥಿತಿಯದು. ಅದೇ ಅಂಕಿಯ ಎರಡು ಮಾದರಿಗಳು ತೂಕದಲ್ಲಿ, ಪದರಗಳ ಹೊಂದಿಕೆಯಲ್ಲಿ ಭಿನ್ನವಾಗಿದ್ದರೆ ಓಡಿಬಂದು ನೆಟ್ಟಾಗ ಬೇರೆಯದೇ ಲಯದಲ್ಲಿ ಬಾಗಬಹುದು. ಹೀಗೆ ಕೋಲು ಬದಲಾದಾಗ ಹಿಡಿತದ ಎತ್ತರ, ಓಟ ಶುರುವಾಗುವ ಗುರುತು, ಕಾಲೆತ್ತುವ ಕ್ಷಣ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಯೋಚಿಸಿ ಮಾಡುವಷ್ಟು ಸಮಯ ಗಾಳಿಯಲ್ಲಿ ಇರುವುದಿಲ್ಲ. ದೇಹಕ್ಕೆ ಅದು ರೂಢಿಯಾಗಿರಬೇಕು.

ಜಿಗಿತಗಾರರು ಒಂದೇ ಸ್ಪರ್ಧೆಯಲ್ಲಿ ಎರಡು ಮೂರು ಕೋಲು ಬದಲಿಸುವುದಿಲ್ಲವೇ ಎಂದು ಕೇಳಬಹುದು. ನಿಜ, ಗಾಳಿ ತಿರುಗಿದರೆ, ಓಟದ ವೇಗ ಏರಿದರೆ ಬದಲಿಸುತ್ತಾರೆ. ಆದರೆ ಅವು ಸಾಮಾನ್ಯವಾಗಿ ಒಂದಕ್ಕಿಂತ ಒಂದು ತುಸುವೇ ಬಿರುಸಾದ, ಅಭ್ಯಾಸದಲ್ಲಿ ಪಳಗಿದ ಕೋಲುಗಳು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಮ್ಯೂನಿಕ್‌ನಲ್ಲಿ 5.50 ಮೀಟರ್ ಜಿಗಿದು ಚಿನ್ನ ಗೆದ್ದ ಪೂರ್ವ ಜರ್ಮನಿಯ ವುಲ್ಫ್‌ಗಾಂಗ್ ನಾರ್ಡ್‌ವಿಗ್ ಸಾಮಾನ್ಯ ಆಟಗಾರರಲ್ಲ. 1968ರ ಒಲಿಂಪಿಕ್ಸ್‌ನಲ್ಲಿ ಸೀಗ್ರನ್ 5.40 ಮೀಟರ್ ಜಿಗಿದು ಚಿನ್ನ ಗೆದ್ದಾಗ ಕಂಚು ಪಡೆದ ಅವರೂ ಅದೇ 5.40 ದಾಟಿದ್ದರು. ಹಾಗಾಗಿ ಕೋಲೊಂದೇ ಫಲಿತಾಂಶ ನಿರ್ಧರಿಸಿತು ಎನ್ನಲಾಗದು. ಆದರೆ ಒಬ್ಬರು ಪಳಗಿದ ಮಾದರಿಯಲ್ಲೂ ಇನ್ನೊಬ್ಬರು ದಿಢೀರನೆ ಕೈಗೆ ಬಂದದ್ದರಲ್ಲೂ ಜಿಗಿದರೆ, ಸಲಕರಣೆ ಒಂದೇ ಆಗಿದ್ದರೂ ಪರೀಕ್ಷೆ ಒಂದೇ ಅಲ್ಲ. ಹೊಸತು ಕೆಲವರಿಗಷ್ಟೇ ಸಿಗಬಾರದು ಎಂಬ ಒಕ್ಕೂಟದ ಆತಂಕ ಸರಿಯಾದದ್ದೇ. 2020ರಲ್ಲಿ ಓಟದ ಬೂಟುಗಳು ಮಾರುಕಟ್ಟೆಗೆ ಬಂದು ನಾಲ್ಕು ತಿಂಗಳಾಗಿರಬೇಕೆಂಬ ನಿಯಮ ಬಂದದ್ದೂ ಅದೇ ಆತಂಕದಿಂದ. ಕೋಲನ್ನು ಒಪ್ಪಲು ಅಂಥ ಗಡುವು ಇರಬಹುದಾದರೆ, ಹಿಂತೆಗೆದುಕೊಳ್ಳಲೂ ಇರಬೇಕಿತ್ತು.